ಸಾವಿರ ಕಂಪ್ಯೂಟರುಗಳಿಗೆ ಒಂದೇ ಕಣಜ

ಸುಗ್ಗಿಯ ಕಾಲ. ಊರಿನ ಸಾವಿರ ಗಾಡಿಗಳು ಒಂದೇ ಸಂಜೆ ರಾಗಿ ಹೇರಿಕೊಂಡು ಕಣಜದ ಮುಂದೆ ಬಂದು ನಿಂತಿವೆ. ಕಣಜಕ್ಕೆ ಇರುವುದು ಒಂದೇ ಬಾಗಿಲು. ಮೊದಲ ಗಾಡಿಯ ಚೀಲಗಳನ್ನು ಇಳಿಸಿ ಮುಗಿಸುವವರೆಗೆ ಉಳಿದ 999 ಗಾಡಿಗಳ ಎತ್ತುಗಳು ನೊಗ ಹೊತ್ತು ನಿಂತೇ ಇರಬೇಕು. ಎತ್ತುಗಳು ಎಷ್ಟು ಬಲವಾಗಿದ್ದರೇನು ಪ್ರಯೋಜನ?

1990ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಪ್ರಪಂಚಕ್ಕೆ ಎದುರಾದ ಸಮಸ್ಯೆಯೂ ಹೆಚ್ಚು ಕಡಿಮೆ ಇದೇ. ಭಾರಿ ಬೆಲೆಯ ಸೂಪರ್ ಕಂಪ್ಯೂಟರ್ ಕೊಳ್ಳುವ ಬದಲು, ಪೇಟೆಯಲ್ಲಿ ಸಿಗುವ ಕಂಪ್ಯೂಟರುಗಳನ್ನೇ ನೂರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಜೋಡಿಸಿ, ಒಂದು ದೊಡ್ಡ ಲೆಕ್ಕವನ್ನು ಅವುಗಳ ನಡುವೆ ಹಂಚುವ ಪದ್ಧತಿ ಆಗ ಬೇರೂರುತ್ತಿತ್ತು. ಇಂಥ ಗುಂಪಿಗೆ ‘ಕ್ಲಸ್ಟರ್’ ಎಂದು ಹೆಸರು. ಲೆಕ್ಕ ಮಾಡುವ ಕೆಲಸವನ್ನೇನೋ ಹಂಚಿದ್ದಾಯಿತು. ಬಂದ ಉತ್ತರಗಳನ್ನು ತೆಗೆದಿಡುವ ಕಣಜಕ್ಕೆ ಮಾತ್ರ ಒಂದೇ ಬಾಗಿಲು ಉಳಿದಿತ್ತು.

ಇಪ್ಪತ್ತೈದು ಗಂಟೆಯ ಸಾಲು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2002ರಲ್ಲಿ ‘ಎಂ.ಸಿ.ಆರ್.’ ಎಂಬ ಕ್ಲಸ್ಟರ್ ಸಿದ್ಧವಾಯಿತು. ಅದರಲ್ಲಿದ್ದ ಕಂಪ್ಯೂಟರುಗಳು 1,152. ಸಂಸ್ಕಾರಕಗಳು, ಅಂದರೆ ಪ್ರೊಸೆಸರುಗಳು, 2,304. 2003ರ ಜೂನ್‌ನಲ್ಲಿ ಪ್ರಕಟವಾದ ಜಗತ್ತಿನ ಅತಿ ವೇಗದ ಕಂಪ್ಯೂಟರುಗಳ ಪಟ್ಟಿಯಲ್ಲಿ ಅದಕ್ಕೆ ಮೂರನೆಯ ಸ್ಥಾನ.

ಪ್ರತಿ ಕಂಪ್ಯೂಟರಿಗೂ 4 ಗಿಗಾಬೈಟ್ ಸ್ಮೃತಿ. ಒಟ್ಟು ಸುಮಾರು 4,600 ಗಿಗಾಬೈಟ್. ಇಷ್ಟನ್ನೂ ಒಂದೇ ಸರ್ವರ್ ಮೂಲಕ, ಸೆಕೆಂಡಿಗೆ 50 ಮೆಗಾಬೈಟ್ ವೇಗದಲ್ಲಿ ಡಿಸ್ಕಿಗೆ ಬರೆಯಬೇಕೆಂದು ಇಟ್ಟುಕೊಳ್ಳಿ. ಭಾಗಿಸಿ ನೋಡಿದರೆ ಇಪ್ಪತ್ತೈದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ! ಅಷ್ಟೂ ಹೊತ್ತು ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳು ಕೈಕಟ್ಟಿ ಕುಳಿತಿರಬೇಕು. ಅದೇ ವೇಗದ 64 ಸರ್ವರುಗಳು ಏಕಕಾಲದಲ್ಲಿ ಬರೆದರೆ 24 ನಿಮಿಷ ಸಾಕು.

ಸ್ಮೃತಿಯಲ್ಲಿರುವುದನ್ನೆಲ್ಲ ಬರೆದಿಡುವ ಅಗತ್ಯವಾದರೂ ಏನು ಎಂದು ನೀವು ಕೇಳಬಹುದು. ಒಂದು ಕಂಪ್ಯೂಟರ್ ಸರಾಸರಿ ಮೂರು ವರ್ಷಕ್ಕೊಮ್ಮೆ ಕೈಕೊಡುತ್ತದೆ ಎಂದುಕೊಳ್ಳೋಣ. ಮನೆಯಲ್ಲಿ ಒಂದೇ ಇದ್ದರೆ ಅದು ದೊಡ್ಡ ತೊಂದರೆಯೇನಲ್ಲ. ಆದರೆ 1,152 ಇದ್ದಲ್ಲಿ ದಿನಕ್ಕೊಂದರಂತೆ ಕೆಡುತ್ತಿರುತ್ತವೆ. ವಾರಗಟ್ಟಲೆ ನಡೆಯುವ ಲೆಕ್ಕ ಮಧ್ಯದಲ್ಲಿ ನಿಂತರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅದಕ್ಕಾಗಿಯೇ ಆಗಾಗ್ಗೆ ಅಲ್ಲಿಯವರೆಗಿನ ಸ್ಥಿತಿಯನ್ನು ಬರೆದಿಡುವುದು. ನದಿ ದಾಟುವವನು ನಡುನಡುವೆ ಬಂಡೆಯ ಮೇಲೆ ಕಾಲೂರುವ ಹಾಗೆ.

ಶಾನುಭೋಗರು ಒಬ್ಬರು, ಕೋಣೆಗಳು ಹಲವು

ಈ ಸಮಸ್ಯೆಗೆ ಪರಿಹಾರವಾಗಿ ಬಂದ ಕಡತ ವ್ಯವಸ್ಥೆಯೇ ‘ಲಸ್ಟರ್’. ಲಿನಕ್ಸ್ ಮತ್ತು ಕ್ಲಸ್ಟರ್ ಎಂಬ ಎರಡು ಪದಗಳನ್ನು ಬೆಸೆದು ಇಟ್ಟ ಹೆಸರಿದು. ಮೂಲತಃ ಗಣಿತಜ್ಞರಾದ ಪೀಟರ್ ಬ್ರಾಮ್ ಅವರು 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯಾಗಿ ಇದನ್ನು ಆರಂಭಿಸಿದರು. 2001ರಲ್ಲಿ ಕ್ಲಸ್ಟರ್ ಫೈಲ್ ಸಿಸ್ಟಮ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅಮೆರಿಕದ ಇಂಧನ ಇಲಾಖೆ ಹಣ ಒದಗಿಸಿತು. ತಂತ್ರಾಂಶದ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಮುಕ್ತ ಪರವಾನಗಿಯಡಿ ಲಸ್ಟರ್ ಹೊರಬಂತು.

ಇದರ ರಚನೆಯನ್ನು ಹಳೆಯ ಊರೊಂದರ ಲೆಕ್ಕದಲ್ಲಿ ಹೇಳಬಹುದು. ಯಾವ ಚೀಲ ಯಾವ ಕೋಣೆಯಲ್ಲಿದೆ ಎಂಬ ಖಿರ್ದಿ ಇಟ್ಟುಕೊಂಡ ಶಾನುಭೋಗರು ಒಬ್ಬರು. ಅದು ವಿವರಗಳ ಸರ್ವರ್. ಧಾನ್ಯ ತುಂಬುವ ಕೋಣೆಗಳು ಹಲವು. ಅವು ದತ್ತಾಂಶದ ಸರ್ವರುಗಳು. ಗಾಡಿಯವನು ಶಾನುಭೋಗರನ್ನು ಒಮ್ಮೆ ಕೇಳಿ, ಆಮೇಲೆ ನೇರವಾಗಿ ಕೋಣೆಗಳಿಗೇ ಹೋಗಿ ಚೀಲ ಇಳಿಸುತ್ತಾನೆ. ಒಂದು ದೊಡ್ಡ ಕಡತವನ್ನು ತುಂಡು ತುಂಡಾಗಿ ಹತ್ತಾರು ಕೋಣೆಗಳಿಗೆ ಹಂಚುವುದೂ ಉಂಟು. ಬಳಸುವವನ ಕಣ್ಣಿಗೆ ಮಾತ್ರ ಅದು ಒಂದೇ ಕಡತ, ಒಂದೇ ಕಣಜ.

ಕೇಳಲು ಸುಲಭ. ಆದರೆ ಶಾನುಭೋಗರೇ ನಡುವೆ ಮೂರ್ಛೆ ಹೋದರೆ? ಕೋಣೆಯ ಬೀಗದ ಕೈ ಹಿಡಿದುಕೊಂಡವನೇ ಊರು ಬಿಟ್ಟರೆ?

ಮೊದಲನೆಯದಕ್ಕೆ ಲಸ್ಟರ್ ಕಂಡುಕೊಂಡ ಉಪಾಯ ರಿಜಿಸ್ಟರ್ಡ್ ಅಂಚೆಯನ್ನು ನೆನಪಿಸುತ್ತದೆ. ಪ್ರತಿಯೊಂದು ಕೋರಿಕೆಗೂ ಕ್ರಮಸಂಖ್ಯೆ ಇರುತ್ತದೆ. ‘ಡಿಸ್ಕಿನ ಮೇಲೆ ಬರೆದಾಯಿತು’ ಎಂಬ ಸ್ವೀಕೃತಿ ಬರುವವರೆಗೆ ಕಳಿಸಿದ ಕಂಪ್ಯೂಟರ್ ತನ್ನ ಪ್ರತಿಯನ್ನು ಹರಿದುಹಾಕುವುದಿಲ್ಲ. ಸರ್ವರ್ ಕೆಟ್ಟು ಮತ್ತೆ ಎದ್ದರೆ, ಎಲ್ಲ ಕಂಪ್ಯೂಟರುಗಳೂ ಸ್ವೀಕೃತಿ ಬಾರದ ಕೋರಿಕೆಗಳನ್ನು ಕ್ರಮಸಂಖ್ಯೆಯ ಪ್ರಕಾರ ಪುನಃ ಕಳಿಸುತ್ತವೆ. ಎರಡನೆಯದಕ್ಕೆ ಉಪಾಯ ಇನ್ನೂ ಕಠಿಣ. ಬೀಗದ ಕೈ ಹಿಡಿದ ಕಂಪ್ಯೂಟರ್ ಗೊತ್ತುಪಡಿಸಿದ ಸಮಯದೊಳಗೆ ಉತ್ತರ ಕೊಡದಿದ್ದರೆ ಅದನ್ನು ಹೊರಹಾಕಲಾಗುತ್ತದೆ. ಅದು ಬರೆಯದೆ ಉಳಿಸಿಕೊಂಡಿದ್ದುದು ನಷ್ಟವಾಗುತ್ತದೆ, ನಿಜ. ಆದರೆ ಒಬ್ಬನಿಗಾಗಿ ಊರೆಲ್ಲ ಕಾಯುವುದು ತಪ್ಪುತ್ತದೆ.

ಬೇಕೆಂದೇ ಕೆಡಿಸುವ ಪರೀಕ್ಷೆ

ಇಂಥ ಉಪಾಯಗಳು ಕಾಗದದ ಮೇಲೆ ಸರಿಯಿದ್ದರೆ ಸಾಲದು. ಕಡತ ವ್ಯವಸ್ಥೆ ಬೇರೆ ತಂತ್ರಾಂಶಗಳಂತಲ್ಲ. ಪತ್ರ ಬರೆಯುವ ತಂತ್ರಾಂಶ ಕೆಟ್ಟರೆ ಒಂದು ಪುಟ ಹೋದೀತು. ಕಡತ ವ್ಯವಸ್ಥೆ ತಪ್ಪಿದರೆ ಹಲವರ ತಿಂಗಳುಗಳ ದುಡಿಮೆ ಒಮ್ಮೆಗೇ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಏನೂ ಹೇಳದೆ ಒಂದು ಅಂಕಿಯನ್ನು ತಪ್ಪಾಗಿ ಹಿಂತಿರುಗಿಸುವುದು. ಕಳೆದುಹೋದದ್ದು ಗೊತ್ತಾಗುತ್ತದೆ, ಸುಳ್ಳಾದದ್ದು ಗೊತ್ತಾಗುವುದಿಲ್ಲ.

ಆದ್ದರಿಂದ ಲಸ್ಟರ್ ಕಟ್ಟಿದವರು ಪರೀಕ್ಷೆಯನ್ನು ತಂತ್ರಾಂಶದ ಒಳಗೇ ಹೆಣೆದರು. ಮೂಲ ಬರಹದ ಅಲ್ಲಲ್ಲಿ ಸಂಖ್ಯೆ ಕೊಟ್ಟ ‘ವೈಫಲ್ಯದ ಗುಂಡಿ’ಗಳಿವೆ. ಒಂದನ್ನು ಒತ್ತಿದರೆ ಒಂದು ಸಂದೇಶ ದಾರಿಯಲ್ಲೇ ಕಾಣೆಯಾಗುತ್ತದೆ. ಇನ್ನೊಂದಕ್ಕೆ ಉತ್ತರ ತಡವಾಗುತ್ತದೆ. ಮತ್ತೊಂದು ಬಗೆಯ ಪರೀಕ್ಷೆಯಲ್ಲಿ ಸರ್ವರಿಗೆ ತಿಳಿಯದಂತೆ ಅದರ ಡಿಸ್ಕಿಗೆ ಬರೆಯುವುದನ್ನೇ ನಿಲ್ಲಿಸುತ್ತಾರೆ. ನಂತರ ಕಡತಗಳನ್ನು ಸೃಷ್ಟಿಸಿ, ಸರ್ವರನ್ನು ಆರಿಸಿ ಮತ್ತೆ ಹಚ್ಚಿ, ಕಡತಗಳೆಲ್ಲ ಇವೆಯೇ ಎಂದು ಎಣಿಸುತ್ತಾರೆ. ವಿದ್ಯುತ್ ಹೋದಾಗ ಆಗುವುದನ್ನು ವಿದ್ಯುತ್ ಹೋಗುವ ಮುಂಚೆಯೇ ಮಾಡಿ ನೋಡುವ ಕ್ರಮ ಇದು.

ಇನ್ನೊಂದು ಅನುಕೂಲವೂ ಇತ್ತು. ಶಾನುಭೋಗ, ಕೋಣೆ, ಗಾಡಿ ಮೂರನ್ನೂ ಒಂದೇ ಕಂಪ್ಯೂಟರಿನೊಳಗೆ ನಡೆಸಿ ಮೊದಲ ಸುತ್ತಿನ ಪರೀಕ್ಷೆ ಮಾಡಬಹುದಾಗಿತ್ತು. ಆದರೆ ಒಂದರಲ್ಲಿ, ಹತ್ತರಲ್ಲಿ ಗೆದ್ದದ್ದು ಸಾವಿರದಲ್ಲಿ ಗೆಲ್ಲಬೇಕೆಂದಿಲ್ಲ. ಹತ್ತು ಲಕ್ಷಕ್ಕೊಮ್ಮೆ ಆಗುವ ಕಾಕತಾಳೀಯ, ದಿನಕ್ಕೆ ಕೋಟಿ ಸಂದೇಶ ಓಡಾಡುವಲ್ಲಿ ದಿನಕ್ಕೆ ಹತ್ತು ಸಲ ಆಗುತ್ತದೆ. ಅದನ್ನು ಕಾಣಲು ನಿಜವಾದ ಗುಂಪೇ ಬೇಕು. ಅಪಾಯಕ್ಕೆ ಸಿದ್ಧರಾದ ಬಳಕೆದಾರರೂ ಬೇಕು.

ಆ ಧೈರ್ಯ ತೋರಿದ್ದು ಲಿವರ್‌ಮೋರ್. ಗೋಪ್ಯವಲ್ಲದ ವಿಜ್ಞಾನದ ಲೆಕ್ಕಗಳಿಗೆ ಮೀಸಲಾಗಿದ್ದ ಎಂ.ಸಿ.ಆರ್.ನಲ್ಲಿ 2003ರ ಮಾರ್ಚ್‌ನಲ್ಲಿ ಲಸ್ಟರ್ ನಿಜವಾದ ಕೆಲಸಕ್ಕೆ ಇಳಿಯಿತು. ಆಗಿನ್ನೂ ಅದರ 1.0 ಆವೃತ್ತಿಯೇ ಬಂದಿರಲಿಲ್ಲ. ಸರ್ವರ್ ಕೆಟ್ಟರೆ ಚೇತರಿಸಿಕೊಳ್ಳುವ ಸಾಮರ್ಥ್ಯ ಹೊಂದಿದ 1.0 ಆವೃತ್ತಿ ಬಿಡುಗಡೆಯಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಅಂದರೆ ಒಂಬತ್ತು ತಿಂಗಳ ನಂತರ.

ಒಡೆಯರು ಬದಲಾದರೂ

ಮುಂದೆ ಲಸ್ಟರ್ ಹಲವು ಕೈ ದಾಟಿತು. 2007ರಲ್ಲಿ ಅದನ್ನು ಸನ್ ಮೈಕ್ರೋಸಿಸ್ಟಮ್ಸ್ ಕೊಂಡಿತು. 2010ರಲ್ಲಿ ಸನ್ ಸಂಸ್ಥೆಯೇ ಒರೇಕಲ್ ಪಾಲಾಯಿತು. ಅದೇ ವರ್ಷದ ಕೊನೆಗೆ ಒರೇಕಲ್ ಹೊಸ ಆವೃತ್ತಿಗಳ ಬೆಳವಣಿಗೆಯನ್ನು ಕೈಬಿಟ್ಟಿತು. ಮುಚ್ಚಿದ ತಂತ್ರಾಂಶವಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಮೂಲ ಬರಹ ಎಲ್ಲರ ಕೈಯಲ್ಲಿದ್ದುದರಿಂದ ಬಳಕೆದಾರ ಪ್ರಯೋಗಾಲಯಗಳೂ ಹಳೆಯ ತಂತ್ರಜ್ಞರು ಸೇರಿದ್ದ ವಾಮ್‌ಕ್ಲೌಡ್ ಸಂಸ್ಥೆಯೂ ಕೆಲಸ ಮುಂದುವರಿಸಿದವು. 2012ರಲ್ಲಿ ವಾಮ್‌ಕ್ಲೌಡ್ ಇಂಟೆಲ್ ಕೈಸೇರಿತು. 2018ರಲ್ಲಿ ಇಂಟೆಲ್‌ನಿಂದ ಡಿ.ಡಿ.ಎನ್. ಸಂಸ್ಥೆಗೆ ಬಂತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಯಾದ ‘ಸಹಸ್ರ-ಟಿ’ ಸೂಪರ್ ಕಂಪ್ಯೂಟರಿನ 2 ಪೆಟಾಬೈಟ್ ಉಗ್ರಾಣ ನಡೆದದ್ದು ಲಸ್ಟರ್ ಮೇಲೆಯೇ. 2022ರ ಜೂನ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿದ ಅಮೆರಿಕದ ‘ಫ್ರಾಂಟಿಯರ್’ನ ಕಣಜವೂ ಅದರದೇ.

ಈ ಬಗೆಯ ಕೆಲಸದಲ್ಲಿ ಒಂದು ಒಳ್ಳೆಯ ರೂಢಿ ಇದೆ. ಹೊಸ ತಪ್ಪು ಸಿಕ್ಕಾಗ ಅದನ್ನು ತಿದ್ದಿ ಸುಮ್ಮನಾಗುವುದಿಲ್ಲ. ಅದೇ ತಪ್ಪು ಮತ್ತೆ ನುಸುಳಿದರೆ ಹಿಡಿಯುವಂಥ ಪರೀಕ್ಷೆಯೊಂದನ್ನು ಬರೆದು ಪಟ್ಟಿಗೆ ಸೇರಿಸುತ್ತಾರೆ. ಲಸ್ಟರ್‌ನ ಈ ಪಟ್ಟಿ ಈಗ ನೂರುಗಳನ್ನು ದಾಟಿ ಬೆಳೆದಿದೆ. ಹೊಸ ಆವೃತ್ತಿ ಹೊರಬರುವ ಮುನ್ನ, ಆರಂಭದ ದಿನಗಳಲ್ಲಿ ಬರೆದ ಪುಟ್ಟ ಪರೀಕ್ಷೆಗಳನ್ನೂ ಅದು ಪಾಸು ಮಾಡಬೇಕು.