ಬದುವಿನ ತುರಚೆ ಬಳ್ಳಿ: ಗುರುತಿಸಿ, ಬೇರುಸಹಿತ ತೆಗೆಯಿರಿ



ಬದುವಿನ ಹುಲ್ಲು ಕೊಯ್ಯುವಾಗ ಮುಂಗೈಗೆ ಬೆಂಕಿ ತಾಗಿದಂತೆ ಚುರುಗುಟ್ಟಿ, ನೋಡನೋಡುತ್ತಲೇ ದದ್ದು ಎದ್ದ ಅನುಭವ ನಿಮ್ಮಲ್ಲಿ ಅನೇಕರಿಗೆ ಆಗಿರಬಹುದು. ಇಂತಹ ಉರಿಗೆ ಒಂದು ಮುಖ್ಯ ಕಾರಣ ತುರಚೆ ಬಳ್ಳಿ. ಕಳೆ ಕೀಳುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿನದು. ಈ ಬಳ್ಳಿಯ ಕಾಟವೂ ಅವರಿಗೇ ಹೆಚ್ಚು. ಆದ್ದರಿಂದ ಬೇಸಾಯಗಾರರು ಇದನ್ನು ಅಲಕ್ಷಿಸಬಾರದು.

ಗುರುತಿಸುವುದು ಹೇಗೆ?

ತುರಚೆ ಎಂಬ ಹೆಸರಿನಿಂದ ಬೇರೆ ಗಿಡಗಳನ್ನೂ ಕರೆಯುವುದುಂಟು. ಇಲ್ಲಿ ಹೇಳುತ್ತಿರುವುದು ಟ್ರೇಜಿಯ ಇನ್ವೊಲ್ಯುಕ್ರೇಟ ಎಂಬ ಸಸ್ಯ. ಇದು ಹರಳು ಗಿಡದ ಕುಟುಂಬಕ್ಕೇ ಸೇರಿದ್ದು. ಟ್ರೇಜಿಯ ಜಾತಿಯಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬೇಲಿ, ಪೊದೆಗಳಿಗೆ ಸುತ್ತಿಕೊಂಡು ಹಬ್ಬುವ ತೆಳು ಬಳ್ಳಿ, ಎಲೆಯ ಅಂಚು ಗರಗಸದಂತೆ, ಮೈಯೆಲ್ಲ ರೋಮ, ಹೂ ಬಹಳ ಚಿಕ್ಕದು, ಕಾಯಿ ಮೂರು ಹೋಳಿನದು. ನಸುಗುನ್ನಿ ಬಳ್ಳಿಯೊಂದಿಗೆ ಇದನ್ನು ಸೇರಿಸಿ ತಪ್ಪು ತಿಳಿಯಬೇಡಿ. ಅದು ಅವರೆಯ ಕುಟುಂಬದ್ದು. ತುರಿಸುವುದು ಮುಖ್ಯವಾಗಿ ಅದರ ಕಾಯಿಯ ಮೇಲಿನ ಸುಂಕು.

ಉರಿ ಏಕೆ?

ತುರಚೆಯ ಪ್ರತಿಯೊಂದು ಚುಚ್ಚುರೋಮದ ಒಳಗೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳೊಂದಿದೆ. ಮೈ ತಾಗಿದೊಡನೆ ಈ ಸೂಜಿ ಚರ್ಮಕ್ಕೆ ನಾಟುತ್ತದೆ. ರೋಮದ ರಸವೂ ಒಳಸೇರುತ್ತದೆ. ಉಜ್ಜಿದರೆ ಸೂಜಿಗಳು ಇನ್ನೂ ಆಳಕ್ಕೆ ಇಳಿಯುತ್ತವೆ.

ತಾಗಿದಾಗ ಮಾಡಬೇಕಾದುದು

ಉಜ್ಜಬೇಡಿ, ಕೆರೆಯಬೇಡಿ. ಅಂಟುಪಟ್ಟಿಯನ್ನು ಆ ಜಾಗಕ್ಕೆ ಮೆಲ್ಲಗೆ ಅಂಟಿಸಿ ಎತ್ತಿದರೆ ಎಷ್ಟೋ ರೋಮಗಳು ಬಂದುಬಿಡುತ್ತವೆ. ಅನಂತರ ಸೋಪು ಹಾಕಿ ತಣ್ಣೀರಿನಿಂದ ತೊಳೆಯಿರಿ. ಆ ಕೈಯಿಂದ ಕಣ್ಣು ಮುಟ್ಟಬೇಡಿ. ಕಣ್ಣಿಗೆ ತಾಗಿದರೆ, ಮುಖ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿರಿ.

ಹತೋಟಿ ಕ್ರಮ

ಇದು ಬಹುವಾರ್ಷಿಕ ಸಸ್ಯ. ಕುಡುಗೋಲಿನಿಂದ ಮೇಲೆ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕಾಯಿ ಬಲಿತು ಸಿಡಿದರೆ ಬೀಜವೂ ಹರಡುತ್ತದೆ. ಆದುದರಿಂದ ಮಳೆ ಬಿದ್ದು ನೆಲ ಮೆತ್ತಗಾದಾಗ, ಕಾಯಿ ಬಲಿಯುವ ಮುನ್ನ, ಗುದ್ದಲಿಯಿಂದ ಬೇರುಸಹಿತ ಅಗೆದು ತೆಗೆಯಿರಿ. ದಪ್ಪ ಕೈಚೀಲ, ತುಂಬುತೋಳಿನ ಅಂಗಿ ಧರಿಸಿರಿ. ಕಿತ್ತ ಬಳ್ಳಿಯನ್ನು ಕವೆಗೋಲಿನಿಂದ ಎತ್ತಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ. ಒಣಗಿದ ಬಳ್ಳಿಯನ್ನೂ ಬರಿಗೈಯಿಂದ ಮುಟ್ಟಬೇಡಿ.

ಹರಳು ಬೆಳೆಗಾರರಿಗೆ ಇನ್ನೊಂದು ಮಾತು. ಹರಳಿನ ಎಲೆ ತಿನ್ನುವ ಅರಿಯಾಡ್ನಿ ಚಿಟ್ಟೆಯ ಮುಳ್ಳು ಹುಳುವಿಗೆ ತುರಚೆಯೂ ಆಹಾರವೇ. ಹೊಲದಲ್ಲಿ ಹರಳು ಇಲ್ಲದಾಗಲೂ ಬದುವಿನ ತುರಚೆಯ ಮೇಲೆ ಈ ಹುಳು ಬದುಕಬಲ್ಲದು. ಹೀಗೆ ಬದುವನ್ನು ಶುಚಿಯಾಗಿಟ್ಟರೆ ಬೆಳೆಗೂ ಹಿತ.

ಈ ಸಲ ಕಳೆ ತೆಗೆಯಲು ಆಳುಗಳನ್ನು ಇಳಿಸುವ ಮೊದಲು ಒಮ್ಮೆ ಬದುವಿನ ಸುತ್ತ ನಡೆದು ನೋಡಿರಿ. ತುರಚೆ ಕಂಡರೆ ಆ ಜಾಗವನ್ನು ಅವರಿಗೆ ತೋರಿಸಿರಿ. ಅರ್ಧ ಗಂಟೆಯ ಈ ಕೆಲಸದಿಂದ ದಿನವಿಡೀ ಪಡುವ ಉರಿ ತಪ್ಪೀತು.