ಬಾಡಿಗೆಯ ದೋಣಿ

ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಹಗರಿಬೊಮ್ಮನಹಳ್ಳಿಯ ಕಡೆಯ ಕೆಲವು ಊರುಗಳಿಗೆ ಅಣೆಕಟ್ಟಿನ ಹಿನ್ನೀರೇ ನೆರೆ. ಕೂಡ್ಲಿಗಿ, ಕೊಟ್ಟೂರುಗಳದು ಬಯಲುಸೀಮೆ. ಅಲ್ಲಿಯ ಮಕ್ಕಳಿಗೆ ಕೆರೆಯೇ ದೊಡ್ಡ ನೀರು. ಆದರೂ ಈ ಸೀಮೆಯಲ್ಲಿ ಹರಿಗೋಲೆಂಬ ಮಾತನ್ನು ಕೇಳದವರು ವಿರಳ.

ಬಿದಿರಿನ ಸೀಳುಗಳನ್ನು ಹೆಣೆದು, ಹೊರಮೈಗೆ ತೊಗಲು ಹೊದಿಸಿ ಮಾಡುತ್ತಿದ್ದ ದುಂಡನೆಯ ಬುಟ್ಟಿಯೇ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಆನೆಗೊಂದಿಯ ಕಡವಿನಲ್ಲಿ ಇದನ್ನು ನೋಡಿ ಬೆರಗಾದನು. ಹದಿನೈದು ಇಪ್ಪತ್ತು ಜನರನ್ನು ಹೊರುವ ಈ ದೋಣಿ ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತದೆಂದು ಅವನು ಬರೆದಿಟ್ಟಿದ್ದಾನೆ. ತೊಗಲಿನ ಸ್ಥಾನಕ್ಕೆ ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಸುತ್ತುವ ಗುಣ ಮಾತ್ರ ಹಾಗೆಯೇ ಉಳಿದಿದೆ. ತಳ ಚಪ್ಪಟೆಯಾದುದರಿಂದ ಅದು ಬಂಡೆಗಳ ನಡುವಿನ ತೆಳುನೀರಿನಲ್ಲಿಯೂ ಜಾರಿಕೊಂಡು ಹೋಗಬಲ್ಲದು.

ಹರಿಗೋಲನ್ನು ಏರುವವರು ತಮಗೆ ಬೇಕಾದಲ್ಲಿ ಕುಳಿತುಕೊಳ್ಳುವಂತಿಲ್ಲ. ಯಾರು ಯಾರ ಎದುರಿಗೆ ಕೂರಬೇಕು, ಚೀಲ ಎಲ್ಲಿರಬೇಕು ಎಂಬುದನ್ನು ಅಂಬಿಗನೇ ನಿರ್ಧರಿಸುತ್ತಾನೆ. ಎದ್ದು ನಿಂತವನನ್ನು ಊರಗೌಡನಾದರೂ ಸರಿ, ಗದರಿಸಿ ಕೂರಿಸುತ್ತಾನೆ. ಅವನು ತೂಗುತ್ತಿರುವುದು ಭಾರವನ್ನಷ್ಟೇ ಅಲ್ಲ, ಭಾರವು ಯಾವ ಕಡೆಗೆ ವಾಲುತ್ತದೆಂಬುದನ್ನು ಕೂಡ.

ಇದೇ ಸೀಮೆಯ ಜನ ರಜೆಯಲ್ಲಿ ಕಾರವಾರಕ್ಕೋ ಮಲ್ಪೆಗೋ ಹೋದಾಗ ಈ ಶಿಸ್ತನ್ನು ಮರೆಯುವುದುಂಟು. ಕಡಲನ್ನು ಮೊದಲ ಸಲ ಕಂಡ ಉತ್ಸಾಹ; ಜೊತೆಗೆ ಒಂದು ದಿನದ ಮಟ್ಟಿಗೆ ಹಣ ತೆತ್ತು ಪಡೆದ ದೋಣಿ ತಮ್ಮದೇ ಎಂಬ ಭಾವನೆ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹಸ್ವಾಮಿ ಜಾತ್ರೆಗೆ ಜನರನ್ನು ಸಾಗಿಸುತ್ತಿದ್ದ ದೋಣಿಯೊಂದು ಸಮುದ್ರದಲ್ಲಿ ಮಗುಚಿತು. 16 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಸತ್ತವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ಎಂದರೆ ಹಡಗಲಿಯಿಂದ ಹೊಳೆ ದಾಟಿದರೆ ಸಿಗುವ ನೆರೆಯ ನಾಡಿನವರು. ಮಿತಿಮೀರಿ ಜನರನ್ನು ಹತ್ತಿಸಿಕೊಂಡಿದ್ದೇ ದುರಂತಕ್ಕೆ ಕಾರಣವೆಂದು ಪತ್ರಿಕೆಗಳು ವರದಿ ಮಾಡಿದವು.

“ಇನ್ನಿಬ್ಬರು ಹಿಡಿಸುತ್ತಾರೆ” ಎಂಬ ಮಾತು ಬಸ್ಸಿನಲ್ಲಿ ನಡೆದೀತು, ನೀರಿನ ಮೇಲೆ ನಡೆಯದು. ಐವತ್ತು ಕಿಲೋಗ್ರಾಂ ತೂಕದ ಒಬ್ಬನು ಏರಿದರೆ ದೋಣಿಯು ಸುಮಾರು ಐವತ್ತು ಲೀಟರ್ ನೀರನ್ನು ಸರಿಸುವಷ್ಟು ಕೆಳಗಿಳಿಯುತ್ತದೆ. ನೀರಿನ ಮಟ್ಟದಲ್ಲಿ ಎಂಟು ಚದರ ಮೀಟರ್ ವಿಸ್ತಾರವಿರುವ ದೋಣಿಗೆ ಅಂಥ ಎಂಟು ಜನ ಹೆಚ್ಚಾಗಿ ಹತ್ತಿದರೆಂದುಕೊಳ್ಳೋಣ. ಅದು ಇಳಿಯುವುದು ಐದು ಸೆಂಟಿಮೀಟರ್ ಮಾತ್ರ. ದಡದಲ್ಲಿ ನಿಂತು ನೋಡುವವನ ಕಣ್ಣಿಗೆ ಅದು ಕಾಣುವುದೂ ಇಲ್ಲ. ಮೋಸವಿರುವುದು ಇಲ್ಲಿಯೇ. ಅಲೆಯೊಂದು ಪಕ್ಕಕ್ಕೆ ಬಡಿದಾಗ ಎಲ್ಲರೂ ಗಾಬರಿಯಿಂದ ಒಂದೇ ಕಡೆಗೆ ಎದ್ದು ನುಗ್ಗುತ್ತಾರೆ. ನಿಂತವರ ಭಾರ ಮೇಲಕ್ಕೇರಿರುತ್ತದೆ, ದೋಣಿ ಓಲುತ್ತದೆ. ಮೊದಲೇ ತಗ್ಗಿದ್ದ ಅಂಚಿನಿಂದ ನೀರು ಒಳಗೆ ನುಗ್ಗುತ್ತದೆ.

ಆದುದರಿಂದ ಬಾಡಿಗೆಯನ್ನು ಚೌಕಾಸಿ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ದೋಣಿಯ ನೋಂದಣಿಯಾಗಿದೆಯೆ? ಎಷ್ಟು ಜನರಿಗೆ ಅನುಮತಿಯಿದೆ? ಅಷ್ಟೂ ಜನರಿಗೆ ಜೀವರಕ್ಷಕ ಅಂಗಿಗಳಿವೆಯೆ? ಹೋಗಿ ಬರುವುದಕ್ಕೆ ಸಾಲುವುದಲ್ಲದೆ, ಮಿಗುವಷ್ಟು ಇಂಧನವಿದೆಯೆ? ಒಳನಾಡಿನ ಹೊಳೆ, ಹಿನ್ನೀರುಗಳಲ್ಲಿ ಸಂಚರಿಸುವ ಯಂತ್ರದೋಣಿಗಳಿಗೆ 1917ರ ಹಳೆಯ ಕಾಯಿದೆಯ ಬದಲು 2021ರಲ್ಲಿ ಹೊಸ ಕಾಯಿದೆ ಬಂದಿದ್ದು, ನೋಂದಣಿಯನ್ನೂ ತಪಾಸಣೆಯನ್ನೂ ಅದು ವಿಧಿಸುತ್ತದೆ. ಕಾಗದವನ್ನು ತೋರಿಸೆಂದರೆ ಒಳ್ಳೆಯ ದೋಣಿಕಾರ ಮುನಿಸಿಕೊಳ್ಳುವುದಿಲ್ಲ.

ಜೀವರಕ್ಷಕ ಅಂಗಿಯನ್ನು ಸೆಖೆಯೆಂದು ಪಕ್ಕದಲ್ಲಿಟ್ಟುಕೊಳ್ಳುವವರು ಬಹಳ. ನೀರಿಗೆ ಬಿದ್ದ ಮೇಲೆ ಅದನ್ನು ಹುಡುಕಿ ತೊಡುವುದು ಈಜು ಬಲ್ಲವನಿಗೂ ಕಷ್ಟ. ಪಟ್ಟಿಗಳನ್ನು ಬಿಗಿಯದೆ ತೊಟ್ಟರೂ ಪ್ರಯೋಜನವಿಲ್ಲ; ನೀರು ಅದನ್ನು ಮೇಲಕ್ಕೆತ್ತಿ ತಲೆಯಿಂದಲೇ ಕಳಚುತ್ತದೆ. ದೊಡ್ಡವರ ಅಂಗಿಯೊಳಗಿಂದ ಮಗುವಂತೂ ಸಲೀಸಾಗಿ ಜಾರಿಬಿಡುತ್ತದೆ.

ಇನ್ನು ಗಾಳಿಯ ವಿಚಾರ. ಬೆಳಿಗ್ಗೆ ಕನ್ನಡಿಯಂತಿದ್ದ ಕಡಲು ಮಧ್ಯಾಹ್ನದ ಹೊತ್ತಿಗೆ ಅಲೆಗಳಿಂದ ಒರಟಾಗುವುದು ಕರಾವಳಿಯವರಿಗೆ ಹೊಸತಲ್ಲ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ; ನೆಲದ ಮೇಲಿನ ಬಿಸಿಗಾಳಿ ಮೇಲೇರಿದಂತೆ ಕಡಲಿನ ತಣ್ಣನೆಯ ಗಾಳಿ ದಡದತ್ತ ಬೀಸುತ್ತದೆ. ಬೇಗ ಹೊರಟು ಬೇಗ ಮರಳುವ ರೂಢಿಗೆ ಕಾರಣವಿದು. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ, ಹೊರಹರಿಯುವ ನೀರಿಗೆ ಒಳಬರುವ ಅಲೆ ಎದುರಾಗುವುದರಿಂದ, ಎಚ್ಚರ ಇನ್ನೂ ಹೆಚ್ಚು ಬೇಕು. ಮಳೆಗಾಲದ ಮಾತನ್ನು ಹೇಳಲೇಬೇಕಾಗಿಲ್ಲ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳ ಮೀನುಗಾರಿಕೆಗೇ ನಿಷೇಧವುಂಟು. ಅದರ ಮುಖ್ಯ ಉದ್ದೇಶ ಮೀನಿನ ಸಂತತಿ ಉಳಿಯಲೆಂಬುದು. ಆದರೆ ಆ ದಿನಗಳ ಕಡಲು ಮನುಷ್ಯರಿಗೂ ಸಲ್ಲದು.

ದೋಣಿ ಮಗುಚಿದರೆ ದಡ ಹತ್ತಿರವಿದ್ದಂತೆ ತೋರುತ್ತದೆ. ಈಜಿ ಸೇರಿಬಿಡೋಣವೆಂಬ ಆಸೆ ಹುಟ್ಟುತ್ತದೆ. ಹಾಗೆ ಹೊರಟವರು ನಡುನೀರಿನಲ್ಲಿ ದಣಿಯುತ್ತಾರೆ. ಮಗುಚಿದ ದೋಣಿ ಸಾಮಾನ್ಯವಾಗಿ ತೇಲುತ್ತಲೇ ಇರುತ್ತದೆ. ಅದನ್ನು ಹಿಡಿದುಕೊಂಡವರು ಹುಡುಕಿ ಬರುವವರ ಕಣ್ಣಿಗೂ ಬೇಗ ಬೀಳುತ್ತಾರೆ. ಕಡಲಿನಲ್ಲಿ ಸಿಕ್ಕಿಕೊಂಡವರ ನೆರವಿಗೆ ಭಾರತೀಯ ತಟರಕ್ಷಣಾ ಪಡೆಯ 1554 ಎಂಬ ದೂರವಾಣಿ ಸಂಖ್ಯೆಯಿದೆ. ಆದರೆ ಕರೆ ಮಾಡಲು ಒಬ್ಬರು ದಡದಲ್ಲಿರಬೇಕು. ಎಷ್ಟು ಜನ ಹೋದರು, ಯಾವ ಕಡೆಗೆ, ಎಷ್ಟು ಗಂಟೆಗೆ ಮರಳುತ್ತೇವೆಂದಿದ್ದರು ಎಂಬುದು ಅವರಿಗೆ ತಿಳಿದಿರಬೇಕು.