ಠಾಣೆಯ ಕೋಟೆ ಸೆರೆಮನೆಯಾದ ಬಗೆ

ಠಾಕುರ್ಲಿಯಿಂದ ಲೋಕಲ್ ಗಾಡಿಯಲ್ಲಿ ಮುಂಬಯಿಯತ್ತ ಹೊರಟರೆ ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳವಾಗಳನ್ನು ದಾಟಿ, ಖಾಡಿಯ ಸೇತುವೆಯ ಮೇಲೆ ಹಾದು ಠಾಣೆಯನ್ನು ಸೇರುತ್ತೇವೆ. 1853ನೆಯ ಇಸವಿಯ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಪ್ರಯಾಣಿಕರ ಗಾಡಿ ಬಂದು ನಿಂತ ಊರು ಇದೆಂಬುದನ್ನು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ಆದರೆ ಆ ಗಾಡಿಗಿಂತಲೂ ನೂರು ವರ್ಷಕ್ಕೆ ಮಿಗಿಲಾಗಿ ಹಳೆಯದಾದ ಒಂದು ಕಟ್ಟಡವು ಊರ ನಡುವೆ ಇಂದಿಗೂ ನಿಂತಿದೆ. ಅದೇ ಠಾಣೆಯ ಕೇಂದ್ರ ಕಾರಾಗೃಹ. ಅದರ ಕಲ್ಲಿನ ಗೋಡೆಗಳನ್ನು ಮೊದಲು ಕಟ್ಟಿದ್ದು ಸೆರೆಮನೆಗಾಗಿ ಅಲ್ಲ, ಕೋಟೆಗಾಗಿ. ಕಟ್ಟಡವೊಂದು ತನ್ನ ಸ್ಥಾನವನ್ನು ಬಿಡದೆ ತನ್ನ ಕೆಲಸವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಸ್ಥಳದ ಮಹತ್ತ್ವವನ್ನು ತಿಳಿಯಬೇಕು. ಸಾಷ್ಟಿ ದ್ವೀಪವನ್ನು ನಾಡಿನ ನೆಲದಿಂದ ಬೇರ್ಪಡಿಸುವ ಖಾಡಿಯ ದಂಡೆಯಲ್ಲಿ ಠಾಣೆ ಇದೆ. ಕಲ್ಯಾಣ, ವಸಯಿಗಳ ನಡುವೆ ದೋಣಿಗಳು ಸಾಗುತ್ತಿದ್ದ ಜಲಮಾರ್ಗಕ್ಕೂ ಇದು ಸಮೀಪ. ಆದಕಾರಣ ಈ ಸ್ಥಳವು ಯಾರ ಕೈಯಲ್ಲಿರುವುದೋ ಅವರಿಗೆ ದ್ವೀಪವನ್ನು ಕಾಯುವುದು ಸುಲಭ. ಸಾಷ್ಟಿಯನ್ನು ಆಳುತ್ತಿದ್ದ ಪೋರ್ತುಗೀಜರು, ಬೆಳೆಯುತ್ತಿದ್ದ ಮರಾಠರ ಬಲಕ್ಕೆ ಅಂಜಿ, 1730ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಲಾರಂಭಿಸಿದರು. ಕೋಟೆ ಪೂರ್ಣವಾಗುವ ಮೊದಲೇ, 1737ರ ಮಾರ್ಚ್ ತಿಂಗಳಿನಲ್ಲಿ, ಬಾಜಿರಾಯನ ತಮ್ಮನಾದ ಚಿಮಾಜಿ ಅಪ್ಪನ ಸೇನೆಯು ಠಾಣೆಯನ್ನು ಗೆದ್ದಿತು. ಎರಡು ವರ್ಷಗಳ ತರುವಾಯ ವಸಯಿಯೂ ಮರಾಠರ ವಶವಾಯಿತು. ಮರಾಠರನ್ನು ತಡೆಯಲೆಂದು ಕಟ್ಟತೊಡಗಿದ ಗೋಡೆಯೇ ಮರಾಠರಿಗೆ ಆಸರೆಯಾಯಿತು!

1774ರ ಡಿಸೆಂಬರಿನಲ್ಲಿ ಆಂಗ್ಲರು ಕೋಟೆಗೆ ಮುತ್ತಿಗೆ ಹಾಕಿ ಅದನ್ನು ಹಿಡಿದರು. 1782ರ ಸಾಲ್ಬಾಯಿ ಒಪ್ಪಂದದಿಂದ ಸಾಷ್ಟಿಯು ಅವರಲ್ಲಿಯೇ ಸ್ಥಿರವಾಗಿ ಉಳಿಯಿತು. ಹೊರಗಿನ ವೈರಿಯ ಭಯವು ಕುಗ್ಗಿದ ಮೇಲೆ ಕೋಟೆಗೇನು ಕೆಲಸ? ಹೊರಗಿನವರು ಒಳನುಗ್ಗಬಾರದೆಂದು ಕೋಟೆಗೆ ಎತ್ತರದ ಗೋಡೆ, ಕೆಲವೇ ಬಾಗಿಲುಗಳು, ಸುತ್ತಲೂ ನೋಡಲು ಬುರುಜುಗಳು ಇರುತ್ತವೆ. ಕಾವಲುಗಾರನು ಮುಖವನ್ನು ಒಳಕ್ಕೆ ತಿರುಗಿಸಿ ನಿಂತರೆ ಸಾಕು, ಅವೇ ಗೋಡೆಗಳು ಒಳಗಿನವರನ್ನು ಹೊರಹೋಗದಂತೆ ತಡೆಯುತ್ತವೆ. ಲಂಡನ್ನಿನ ಟವರ್, ಪ್ಯಾರಿಸ್ಸಿನ ಬ್ಯಾಸ್ಟೀಲ್ ಕೋಟೆಗಳೂ ಹೀಗೆಯೇ ಸೆರೆಮನೆಗಳಾದುವು.

ಆದರೆ ಗೋಡೆಯೊಂದರಿಂದಲೇ ಕಾವಲು ಪೂರ್ಣವಾಗದು. 1815ರಲ್ಲಿ ಬಡೋದೆಯ ರಾಯಭಾರಿ ಗಂಗಾಧರ ಶಾಸ್ತ್ರಿಯು ಪಂಢರಪುರದಲ್ಲಿ ಕೊಲೆಯಾದನು. ಆ ಆಪಾದನೆಗೆ ಗುರಿಯಾದ ಪೇಶ್ವೆಯ ಮಂತ್ರಿ ತ್ರಿಂಬಕಜಿ ಡೇಂಗಳೆಯನ್ನು ಆಂಗ್ಲರು ಠಾಣೆಯ ಕೋಟೆಯಲ್ಲಿ ಇರಿಸಿದರು. ಈ ನಾಡಿನ ಸಿಪಾಯಿಗಳು ಅವನ ಪಕ್ಷ ವಹಿಸಿಯಾರೆಂದು ಯುರೋಪಿನ ಸೈನಿಕರನ್ನೇ ಕಾವಲಿಗೆ ನೇಮಿಸಿದರು. ಅವರಿಗೆ ಮರಾಠಿ ತಿಳಿಯದು. ಕುದುರೆ ನೋಡಿಕೊಳ್ಳುವ ಆಳೊಬ್ಬನು ಕಿಟಕಿಯ ಕೆಳಗೆ ಹಾಡುತ್ತ, ತಪ್ಪಿಸಿಕೊಳ್ಳುವ ಉಪಾಯವನ್ನು ಹಾಡಿನಲ್ಲಿಯೇ ತಿಳಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. 1816ರ ಸಪ್ಟೆಂಬರ್ 12ರಂದು ತ್ರಿಂಬಕಜಿ ಮಾಯವಾದನು! 1818ರಲ್ಲಿ ಮತ್ತೆ ಸಿಕ್ಕಿದಾಗ ಅವನನ್ನು ದೂರದ ಚುನಾರ್ ಕೋಟೆಗೆ ಕಳುಹಿದರು. ಹಲವು ಭಾಷೆಗಳ ನಡುವೆ ಬಾಳುವ ನಮಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲಕ್ರಮದಲ್ಲಿ ಕೋಟೆಯು ಜಿಲ್ಲೆಯ ಸೆರೆಮನೆಯಾಯಿತು. 1909ರ ಡಿಸೆಂಬರ್ 21ರಂದು ನಾಸಿಕದ ನಾಟಕಶಾಲೆಯಲ್ಲಿ ಕಲೆಕ್ಟರ್ ಜ್ಯಾಕ್ಸನ್ನನು ಗುಂಡಿಗೆ ಬಲಿಯಾದನು. ಗುಂಡು ಹಾರಿಸಿದ ಅನಂತ ಕಾನ್ಹೇರೆ ಇನ್ನೂ ಹದಿಹರೆಯದ ವಿದ್ಯಾರ್ಥಿ. ಅವನನ್ನೂ ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಎಂಬವರನ್ನೂ 1910ರ ಏಪ್ರಿಲ್ 19ರಂದು ಇದೇ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅವರು ಹಿಡಿದ ಹಾದಿಯ ವಿಷಯದಲ್ಲಿ ಅಭಿಪ್ರಾಯಭೇದವಿರಬಹುದು. ಆದರೆ ಅವರ ನೆನಪು ಈ ನೆಲದಿಂದ ಅಳಿಯುವಂತಹುದಲ್ಲ.

ಇಂದು ಊರು ಬೆಳೆದು ಸೆರೆಮನೆಯನ್ನು ಸುತ್ತುವರಿದಿದೆ. ಸುಮಾರು ಸಾವಿರದ ನೂರು ಮಂದಿಗಾಗಿ ಇರುವ ಈ ಸೆರೆಮನೆಯಲ್ಲಿ ಇತ್ತೀಚಿನ ಹಲವು ವರ್ಷಗಳಲ್ಲಿ ಅದರ ಎರಡು ಮೂರು ಪಟ್ಟು ಜನರನ್ನು ಇರಿಸಿದ್ದುಂಟು. ಸೆರೆಯಾಳುಗಳೂ ಮನುಷ್ಯರೇ ಅಲ್ಲವೇ? ಅವರಿಗೆ ಗಾಳಿ ಬೆಳಕುಳ್ಳ ಬೇರೆ ಸ್ಥಳ ದೊರೆಯುವುದು ನ್ಯಾಯ. ಆದರೆ ಅಂದು ಬರಿದಾಗುವ ನೆಲದ ಗತಿಯೇನು? ಊರ ನಡುವಿನ ನೆಲಕ್ಕೆ ಬೆಲೆ ಹೆಚ್ಚು. ಗೋಡೆಯನ್ನು ಕೆಡವಿ ಗಗನಚುಂಬಿ ಕಟ್ಟಡಗಳನ್ನು ಎತ್ತುವ ಆಸೆ ಯಾರಿಗಾದರೂ ಹುಟ್ಟೀತು.

ಬ್ಯಾಸ್ಟೀಲನ್ನು 1789ರಲ್ಲಿ ಜನರು ವಶಪಡಿಸಿಕೊಂಡ ಬಳಿಕ ಅದನ್ನು ಕೆಡವಲಾಯಿತು. ಅಲ್ಲಿ ಈಗ ಬಯಲು ಚೌಕವಿದೆ. ಲಂಡನ್ನಿನ ಟವರ್ ಉಳಿದು, ಜನರು ನೋಡುವ ಸಂಗ್ರಹಾಲಯವಾಗಿದೆ. ನಮ್ಮ ಬೆಂಗಳೂರು ನಡುವಿನ ದಾರಿಯನ್ನು ಹಿಡಿಯಿತು. ಅಲ್ಲಿನ ಹಳೆಯ ಕೇಂದ್ರ ಕಾರಾಗೃಹದಲ್ಲಿ 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ವಿರೋಧಪಕ್ಷದ ಮುಖಂಡರನ್ನು ಇರಿಸಿದ್ದರು. ಸೆರೆಯಾಳುಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಆ ನೆಲವನ್ನು ಮಾರಲಿಲ್ಲ. ಕಾವಲುಗೋಪುರವನ್ನೂ ಕೆಲವು ಕೊಠಡಿಗಳನ್ನೂ ಉಳಿಸಿ, 2008ರಲ್ಲಿ ಅದನ್ನು ಸ್ವಾತಂತ್ರ್ಯ ಉದ್ಯಾನವನ್ನಾಗಿ ತೆರೆದರು. ಮಾತಾಡಿದ್ದಕ್ಕಾಗಿ ಜನರನ್ನು ಕೂಡಿಹಾಕಿದ ಜಾಗದಲ್ಲಿ ಇಂದು ಜನರು ಕೂಡಿ ಮಾತಾಡುತ್ತಾರೆ.

ಕಟ್ಟಡಗಳು ಉಳಿಯುವುದು ಉಪಯೋಗದಿಂದ. ಕೋಟೆಯು ಸೆರೆಮನೆಯಾಗದೆ ಇದ್ದಿದ್ದರೆ ಅದರ ಕಲ್ಲುಗಳು ಎಂದೋ ಬೇರೆ ಮನೆಗಳ ಪಾಯ ಸೇರುತ್ತಿದ್ದುವೇನೋ. ಆದುದರಿಂದ ಹಳೆಯದನ್ನು ಕಾಯಬೇಕೆನ್ನುವವರು ಅದಕ್ಕೆ ತಕ್ಕ ಹೊಸ ಕೆಲಸವನ್ನೂ ಯೋಚಿಸಬೇಕು. ಮುಂದೊಂದು ದಿನ ಠಾಣೆಯ ಸೆರೆಮನೆಯ ಬಾಗಿಲು ತೆರೆದಾಗ, ಅದು ಎಲ್ಲರಿಗೂ ತೆರೆಯಲಿ. ಗೋಡೆ ಉಳಿಯಲಿ, ಗಲ್ಲಿನ ನೆಲದಲ್ಲಿ ಆ ಮೂವರ ಹೆಸರು ಉಳಿಯಲಿ. ಅದನ್ನು ನಿರ್ಧರಿಸುವ ಕಾಲಕ್ಕೆ ಇಂದಿನ ವಿದ್ಯಾರ್ಥಿಗಳಾದ ನಾವೇ ನಾಗರಿಕರಾಗಿರುತ್ತೇವೆ.